ನಿಲ್ಲದೆ ಹೋಗಬೇಕಾಗಿದ್ದ ಗಾಡಿ

ದಾಂಡೇಲಿಯ ಮೊದಲ ಆಟದಲ್ಲೇ ನಮ್ಮ ಗಾಡಿ ಸೇತುವೆಯ ಮೇಲಿಂದ ಬಿತ್ತು. ಮಕ್ಕಳು ಎತ್ತಿಕೊಂಡು ಓಡಬಹುದಾದಷ್ಟು ಗಾತ್ರದ ತಗಡಿನ ಗಾಡಿ. ಬಿದ್ದರೆ ಯಾರಿಗೂ ಪೆಟ್ಟಾಗುವಂಥದ್ದಲ್ಲ. ಆದರೆ ಅದು ಬಿದ್ದಾಗ ಥೇಟರಿನ ತುಂಬ ಎದ್ದ ನಗುವಿನಲ್ಲಿ ನಾಟಕದ ಕೊನೆಯ ಮಾತು ಕೇಳಿಸಲೇ ಇಲ್ಲ. ಪರದೆ ಬಿದ್ದ ಮೇಲೂ ಮಂದಿ ನಗುತ್ತಲೇ ಹೊರಗೆ ಹೋದರು.

ಅರವತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನು ಒಂದು ನಾಟಕ ಕಂಪನಿಯಲ್ಲಿ ಪರದೆ ಬರೆಯುವ ಕೆಲಸಕ್ಕಿದ್ದೆ. ಅರಮನೆ, ಕಾಡು, ಪೇಟೆ ಬೀದಿ ಎಲ್ಲವನ್ನೂ ಬರೆಯುವುದು, ಹರಿದದ್ದನ್ನು ಹೊಲಿಸುವುದು, ರಂಗದ ಮೇಲಿನ ಸಾಮಾನು ಸರಂಜಾಮು ನೋಡಿಕೊಳ್ಳುವುದು ನನ್ನ ಪಾಲಿಗಿತ್ತು. ಎಲ್ಲರೂ ‘ಸೀನ್ ಮಾಸ್ತರ’ ಎಂದು ಕರೆಯುತ್ತಿದ್ದರು. ಹಳಿಯಾಳದ ಮೊಕ್ಕಾಂ ಮುಗಿಸಿಕೊಂಡು ನಾವು ದಾಂಡೇಲಿಗೆ ಬಂದು ಅಂಬೇವಾಡಿಯ ಬಯಲಿನಲ್ಲಿ ತಗಡಿನ ಥೇಟರು ನಿಲ್ಲಿಸಿದ್ದೆವು. ಚಳಿಗಾಲ. ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡ, ಬೆಳಗಾವಿ ಕಡೆಯಿಂದ ಬಂದು ನೆಲೆಸಿದ್ದ ಸಂಸಾರಗಳಿಗೆ ನಾಟಕವೆಂದರೆ ತವರಿನ ಸುದ್ದಿ ಬಂದಷ್ಟು ಖುಷಿ. ಅವರನ್ನು ನಂಬಿಯೇ ಮಾಲಕರು ಹಳಿಯಾಳದಲ್ಲಿ ಹೊಸದಾಗಿ ಕೂಡಿಸಿದ ನಾಟಕವನ್ನು ಇಲ್ಲಿಗೆ ತಂದಿದ್ದರು.

ಆ ನಾಟಕದ ಕೊನೆಯ ದೃಶ್ಯ ಒಂದು ಸಣ್ಣ ಸ್ಟೇಶನ್ನು. ಮುಂಬಯಿಗೆ ಹೋಗಿ ವರ್ಷಗಳಾದ ಗಂಡ ಈ ಗಾಡಿಗೆ ಬರುತ್ತೇನೆಂದು ಹೇಳಿ ಕಳಿಸಿರುತ್ತಾನೆ. ಹೆಂಡತಿ ಕಂದೀಲು ಹಿಡಿದು, ಪ್ರೇಕ್ಷಕರ ಕಡೆ ಮುಖ ಮಾಡಿ, ರಂಗದ ಅಂಚಿಗೆ ಬಂದು ನಿಂತಿರುತ್ತಾಳೆ. ಅವಳ ಬೆನ್ನ ಹಿಂದೆ, ದೂರದಲ್ಲಿ, ಹೊಳೆಯ ಮೇಲಿನ ಸೇತುವೆಗೆ ಗಾಡಿ ಬರುತ್ತದೆ. ಮುಂದೆ ದೀಪ, ಕೊಳವೆಯಲ್ಲಿ ಲೋಬಾನದ ಹೊಗೆ. ಗಾಡಿ ಈ ಕೊನೆಯಿಂದ ಆ ಕೊನೆಗೆ ದಾಟಿ, ನಿಲ್ಲದೆ ಹೋಗಿಬಿಡುತ್ತದೆ. ಸೀಟಿ ಕ್ಷೀಣವಾಗುತ್ತದೆ. ಆಗ ಅವಳು ಒಂದೇ ಒಂದು ಮಾತು ಆಡುತ್ತಾಳೆ: “ನಿಲ್ಲಲಿಲ್ಲ.” ಪರದೆ.

ಹಳಿಯಾಳದಲ್ಲಿ ಈ ದೃಶ್ಯಕ್ಕೆ ಗಾಡಿಯ ಸದ್ದು ಮಾತ್ರ ಮಾಡಿಸುತ್ತಿದ್ದೆವು. ಮಾಲಕರಿಗೆ ಸಮಾಧಾನವಿರಲಿಲ್ಲ. “ದಾಂಡೇಲಿ ಮಂದಿ ದಿನಾ ಗಾಡಿ ನೋಡಾವ್ರು. ಸಪ್ಪಳಾ ಕೇಳಿಸಿದ್ರ ನಡಿಯೂದಿಲ್ಲ. ಗಾಡೀನ ತೋರಸ್ಬೇಕು ಮಾಸ್ತರ,” ಎಂದರು. ಹಳಿಯಾಳದ ತಗಡಿನ ಕೆಲಸದವನಿಂದ ಎಂಜಿನ್ನು ಮತ್ತು ಮೂರು ಡಬ್ಬಿ ಮಾಡಿಸಿದೆ. ಗಾಲಿಗಳು ಹಿತ್ತಾಳೆಯವು, ಒಳ ಮಗ್ಗುಲಿಗೆ ಅಂಚಿದ್ದವು. ಹಳಿಗೆ ಹಿತ್ತಾಳೆಯ ತೆಳು ಪಟ್ಟಿಗಳನ್ನು ಅಡ್ಡ ಚಕ್ಕೆಗಳಲ್ಲಿ ಸೀಳು ಕೊರೆದು ನೆಟ್ಟಗೆ ಕೂರಿಸಿದೆ. ಗಾಡಿಯನ್ನು ಕರಿ ದಾರದಿಂದ ಎಳೆಯುವುದು; ಬಲಗಡೆಯ ಮರೆಯಲ್ಲಿ ಕೂತು ನಾನೇ ಒಂದು ರಾಟೆಗೆ ದಾರ ಸುತ್ತುತ್ತಿದ್ದೆ.

ಕಷ್ಟವಿದ್ದದ್ದು ಹಳಿಯನ್ನು ಕೂಡಿಸುವುದರಲ್ಲಿ. ಹಿಂದಿನ ದೃಶ್ಯಕ್ಕೆ ಇಡೀ ರಂಗ ಬೇಕಾಗಿತ್ತು. ಅದು ಮುಗಿದ ಕೂಡಲೇ ಅಡ್ಡ ಪರದೆ ಬಿಟ್ಟು, ಅದರ ಮುಂದೆ ಹಾಸ್ಯಪಾತ್ರದವರು ಮಂದಿಯನ್ನು ನಗಿಸುತ್ತಿರುವಷ್ಟರಲ್ಲಿ ಹಿಂದೆ ಸೇತುವೆ ಎದ್ದು ನಿಲ್ಲಬೇಕು. ಹಾಗಾಗಿ ಹಳಿಯನ್ನು ಆಳುದ್ದದ ಐದು ಹಲಗೆಗಳ ಮೇಲೆ ತುಂಡು ತುಂಡಾಗಿ ಕೂರಿಸಿದ್ದೆ. ಕಾಲುಗಳ ಮೇಲೆ ಹಲಗೆ ಇಟ್ಟು, ಒಂದಕ್ಕೊಂದು ತಾಗಿಸಿ, ಕೊಂಡಿ ಹಾಕಿದರೆ ಹಳಿ ಒಂದಾಗಬೇಕು. ನಾಲ್ಕು ಕಡೆ ಸಂದು.

ಮೊದಲ ಆಟದಲ್ಲಿ ಎಂಜಿನ್ನು ಎರಡನೆಯ ಸಂದಿಗೆ ಬಂದು ಮುಗ್ಗರಿಸಿತು. ದಾರ ಎಳೆಯುತ್ತಿದ್ದ ನನ್ನ ಕೈಗೆ ಅದು ಮೊದಲು ಗೊತ್ತಾಯಿತು. ಕೈ ತಡೆಯುವಷ್ಟರಲ್ಲಿ ಎಂಜಿನ್ನು ಹಳಿ ಬಿಟ್ಟು, ಡಬ್ಬಿಗಳನ್ನೂ ಎಳೆದುಕೊಂಡು ಸೇತುವೆಯ ಬದಿಗೆ ಜೋತುಬಿತ್ತು. ದೀಪ ಉರಿಯುತ್ತಲೇ ಇತ್ತು. ನಾಯಕಿಯ ಪಾತ್ರ ಮಾಡುತ್ತಿದ್ದ ನಟಿ, ಎಲ್ಲರೂ ‘ಬಾಯಾರು’ ಎಂದು ಕರೆಯುತ್ತಿದ್ದವರು, ಕಂದೀಲು ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು “ನಿಲ್ಲಲಿಲ್ಲ” ಎಂದರು. ಹಿಂದಿನ ಸಾಲಿನಿಂದ ಯಾರೋ ಕೂಗಿದರು:

“ನಿಂತೈತಿ ಬಾಯಾರ, ತಿರುಗಿ ನೋಡ್ರಿ! ಹೋಗಿ ಗಂಡನ್ನ ಇಳಿಸ್ಕೊಂಡ ಬರ್ರಿ.”

ಇನ್ನೊಬ್ಬರು ನನಗೇ ಬುದ್ಧಿ ಹೇಳಿದರು: “ಮಾಸ್ತರ, ಹಳಿಗೆ ಫಿಶ್ ಪ್ಲೇಟ್ ಹಾಕ್ರಿ.”

ಮರುದಿನ ಮುಂಜಾನೆಯೇ ಹಲಗೆಗಳನ್ನು ಹರವಿಕೊಂಡು ಕೂತೆ. ರಂಗದ ನೆಲ ಸಮ ಇರಲಿಲ್ಲ; ಒಂದು ಹಲಗೆಯ ಕಾಲು ತಗ್ಗಿನಲ್ಲಿ, ಇನ್ನೊಂದರದ್ದು ದಿಬ್ಬದ ಮೇಲೆ. ತಟ್ಟೆಯಲ್ಲಿ ನೀರು ತುಂಬಿ ಹಲಗೆಯ ಮೇಲಿಟ್ಟು, ನೀರು ಎತ್ತ ವಾಲುತ್ತದೆಂದು ನೋಡಿ, ಕಾಲಿನ ಕೆಳಗೆ ಬೆಣೆ ಬಡಿದೆ. ಹಳಿಯ ತುದಿಗಳನ್ನು ಅರದಿಂದ ಉಜ್ಜಿ, ಕೂದಲೂ ತೂರದಂತೆ ಒಂದಕ್ಕೊಂದು ತಾಗಿಸಿದೆ. ಮಧ್ಯಾಹ್ನ ಗಾಡಿ ಓಡಿಸಿದೆವು. ಎಷ್ಟು ಸಲ ಓಡಿಸಿದರೂ ಒಮ್ಮೆಯೂ ತಡವರಿಸಲಿಲ್ಲ. ಪರದೆ ಎಳೆಯುವವನು ನನಗಿಂತ ವಯಸ್ಸಿನಲ್ಲಿ ದೊಡ್ಡವನು, ಕಂಪನಿಯಲ್ಲಿ ಹಳಬ. “ಇನ್ನ ಬೀಳೂದಿಲ್ಲ ಬಿಡ್ರಿ,” ಎಂದು ಹಳಿಗೆ ಕೈಮುಗಿದು ಹೋದ.

ಆಟದಲ್ಲಿ ಮತ್ತೆ ಬಿತ್ತು. ಈ ಸಲ ಮೂರನೆಯ ಸಂದಿನಲ್ಲಿ.

ಆಮೇಲೆ, ಹಿಂದಿನ ಸಾಲಿನವರು ತಮಾಷೆಗೆ ಹೇಳಿದ, ರೈಲುಹಳಿಗಳ ತುದಿ ಜೋಡಿಸುವ ಫಿಶ್ ಪ್ಲೇಟಿನ ಮಾತನ್ನೇ ನಿಜವೆಂದು ಹಿಡಿದುಕೊಂಡೆ. ತಗಡಿನ ಸಣ್ಣ ಪಟ್ಟಿಗಳನ್ನು ಕತ್ತರಿಸಿ, ಎರಡು ಹಳಿಗಳ ತುದಿಗಳನ್ನೂ ಒಟ್ಟಿಗೆ ತಬ್ಬಿಕೊಳ್ಳುವಂತೆ ಮಡಚಿ ಸಿಕ್ಕಿಸಿದೆ. ಹಳಿ ಅಲ್ಲಾಡದಂತೆ ನಿಂತಿತು. ಆದರೆ ಗಾಲಿಯ ಒಳ ಅಂಚು ತಗಡಿಗೆ ತಾಗಿ ಪ್ರತಿ ಸಂದಿನಲ್ಲೂ ‘ಟಕ್’ ಎನ್ನುತ್ತಿತ್ತು. ಆ ಪೆಟ್ಟಿಗೆ ಬ್ಯಾಟರಿಯ ತಂತಿ ಸಡಿಲಾಗಿ ದೀಪ ಆರುತ್ತಿತ್ತು, ಹತ್ತುತ್ತಿತ್ತು. ಮಂದಿ ಒಟ್ಟಾಗಿ ‘ಟಕ್’ ಎಂದು ಎಣಿಸತೊಡಗಿದರು. ಎಂಜಿನ್ನು ನಾಲ್ಕೂ ಸಂದು ದಾಟಿತು. ಕೊನೆಯ ಡಬ್ಬಿ ದಾಟಲಿಲ್ಲ. ಅದು ಉರುಳಿ ಮುಂದಿನವನ್ನೂ ಎಳೆದುಕೊಂಡಿತು.

ಅಂದು ನಾಯಕಿ ಕೊನೆಯ ಮಾತು ಆಡಲಿಲ್ಲ. ಕಂದೀಲನ್ನು ಕೆಳಗಿಟ್ಟು ಸುಮ್ಮನೆ ನಿಂತುಬಿಟ್ಟರು. ಪರದೆ ಎಳೆಯುವವನು ತಾನೇ ಸಮಯ ನೋಡಿ ಪರದೆ ಬಿಟ್ಟ.

ಆ ದಿನಗಳಲ್ಲಿ ನನಗೆ ಊಟ ಸೇರುತ್ತಿರಲಿಲ್ಲ. ಬಣ್ಣ ಮುಟ್ಟಲೂ ಮನಸ್ಸಾಗುತ್ತಿರಲಿಲ್ಲ. ಎಲ್ಲಿ ಹೋದರೂ ಸಂದುಗಳೇ ಕಾಣುತ್ತಿದ್ದವು: ಹಾಸುಗಲ್ಲಿನ ನಡುವೆ, ತಗಡು ತಗಡು ಕೂಡಿದಲ್ಲಿ, ಬಾಗಿಲಿನ ಹಲಗೆಗಳಲ್ಲಿ. ಚಹಾದಂಗಡಿಗೆ ಹೋದರೆ ಮಂದಿ ಗುರುತು ಹಿಡಿದು “ಇವತ್ತ ಯಾವ ಸಂದಿಗೆ ಬೀಳಸ್ತೀರಿ?” ಎಂದು ನಗುತ್ತ ಕೇಳುತ್ತಿದ್ದರು. ಅವರಲ್ಲಿ ಕೆಟ್ಟ ಬುದ್ಧಿಯೇನೂ ಇರಲಿಲ್ಲ, ನನಗಾಗಿ ಚಹಾ ಹೇಳುತ್ತಿದ್ದವರೂ ಅವರೇ. ನಾನು ಅಲ್ಲಿಗೆ ಹೋಗುವುದನ್ನು ಬಿಟ್ಟೆ.

ಇದಕ್ಕಿಂತ ದೊಡ್ಡ ಆಪತ್ತು ಬೇರೆ ದಾರಿಯಿಂದ ಬಂತು. ಥೇಟರು ತುಂಬತೊಡಗಿತು. ಮೊದಲ ಆಟಕ್ಕೆ ಅರ್ಧ ಖಾಲಿ ಇದ್ದ ಕುರ್ಚಿಗಳು ಈಗ ಸಾಲುತ್ತಿರಲಿಲ್ಲ. ಗಾಡಿ ಬೀಳುವುದನ್ನು ನೋಡಲು ಪಾಳಿ ಮುಗಿಸಿದವರು ಬಂದರು, ಅವರನ್ನು ಕಂಡು ಹೆಂಗಸರು ಬಂದರು, ಕುಂಬಾರವಾಡದಂಥ ದೂರದ ಊರಿನಿಂದಲೂ ಯಾರೋ ಬಂದರಂತೆ. ನಮ್ಮ ಕಂಪನಿಯ ಮ್ಯಾನೇಜರ ಮುಖ ಅರಳಿತು. ಗುರುವಾರ ನನ್ನನ್ನು ಮಾಲಕರ ಬಿಡಾರಕ್ಕೆ ಕರೆಸಿದರು.

ಮಾಲಕರು ಹಾಸಿಗೆಯ ಮೇಲೆ ಕೂತು ಎಲೆ ಅಡಿಕೆ ಮಡಚುತ್ತಿದ್ದರು. ಮ್ಯಾನೇಜರು ಮಾತು ತೆಗೆದರು.

“ಮಾಸ್ತರ, ನೀವು ಆ ಹಳಿ ಗೊಡವಿ ಬಿಡ್ರಿ ಇನ್ನ. ಮಂದಿ ಬೀಳೂ ಗಾಡಿ ನೋಡಾಕ ಬರಾಕತ್ತಾರ. ಬೀಳ್ಲಿ.”

“ಬಿದ್ರ ನಾಟಕ ಉಳಿಯೂದಿಲ್ರಿ,” ಎಂದೆ.

“ಕಂಪನಿ ಉಳೀತದಲ್ಲ?”

ನಾನು ಮಾಲಕರ ಮುಖ ನೋಡಿದೆ. ಅವರು ಕೆಟ್ಟವರಲ್ಲ. ಅಷ್ಟು ಜನರ ಹೊಟ್ಟೆಯ ಹೊಣೆ ಹೊತ್ತವರು. “ಒಂದ್ ಕೆಲಸ ಮಾಡೂಣು,” ಎಂದರು ನಿಧಾನವಾಗಿ. “ಹೆಂಗೂ ನಗ್ತಾರ. ಹಾಸ್ಯಪಾತ್ರದಾವ್ರನ್ನ ಅದಽ ದೃಶ್ಯಕ್ಕ ಬಿಡೂಣು. ಗಾಡಿ ಬಿದ್ದಕೂಡ್ಲೆ ಅವರು ಬಂದು ಎತ್ತಿ ಇಡ್ಲಿ. ನಗೂದನ್ನ ನಾವಽ ನಾಟಕದಾಗ ಬರದಿಟ್ಟಂಗ ಆತು.”

ನಾಯಕಿ ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ ನಮಗೆ ತಿಳಿಯಲಿಲ್ಲ. ಸಣ್ಣ ವಯಸ್ಸಿನಿಂದ ಕಂಪನಿಯಲ್ಲೇ ಬೆಳೆದವರು, ಮಾಲಕರೆದುರು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಆಗಲೂ ಎತ್ತಲಿಲ್ಲ.

“ನನಗ ನಗಸೂ ಪಾರ್ಟ್ ಕೊಡ್ರಿ ಮಾಲಕ್ರ, ಅದನ್ನೂ ಮಾಡ್ತೇನಿ. ಆದ್ರ ಅಳೂ ಪಾರ್ಟ್ ಮಾಡಿ ಮಂದೀನ ನಗಸೂದು ನನ್ನಿಂದ ಆಗೂದಿಲ್ರಿ. ಇಷ್ಟ ದಿನಾ ಮಾಡೇನಿ. ಇನ್ನ ಆಗೂದಿಲ್ಲ.”

ಮಾಲಕರು ಮಡಚಿದ ಎಲೆಯನ್ನು ಬಾಯಿಗೆ ಹಾಕಿಕೊಳ್ಳದೆ ಹಾಗೇ ತಟ್ಟೆಯಲ್ಲಿಟ್ಟರು. ಕೊನೆಗೆ ನನ್ನ ಕಡೆ ತಿರುಗಿದರು.

“ನಾಳೆ ಆಟ ಇಲ್ಲ. ನಾಡಿದ್ದ ಪೌರಾಣಿಕ ಹಾಕೂಣು. ಐತವಾರ ಈ ನಾಟಕ. ಅವತ್ತ ಗಾಡಿ ದಾಟಿದ್ರ ದಾಟ್ತು. ಬಿದ್ರ ಮ್ಯಾನೇಜರು ಹೇಳಿದ್ಹಂಗ. ಮುಂದಿಂದು ಬಾಯಾರು ಏನ್ ಮಾಡ್ತಾರೋ ಅವರಿಗೆ ಬಿಟ್ಟದ್ದು.”

ಶುಕ್ರವಾರ ಇಡೀ ಹಗಲು ಸಂದುಗಳನ್ನು ಉಜ್ಜಿದೆ. ಹೊಸದೇನೂ ಹೊಳೆಯಲಿಲ್ಲ. ಸಂಜೆಗೆ ಗಾಡಿ ಮತ್ತೆ ಚೆನ್ನಾಗಿಯೇ ಓಡುತ್ತಿತ್ತು, ಅದೇ ನನಗೆ ಹುಚ್ಚು ಹಿಡಿಸಿತು. ಹಗಲು ಓಡುವ ಗಾಡಿ ಆಟದಲ್ಲಿ ಯಾಕೆ ಬೀಳುತ್ತದೆ? ಅಂದು ಆಟವಿಲ್ಲದ್ದರಿಂದ ಹಲಗೆಗಳನ್ನು ಬಿಚ್ಚದೆ ಹಾಗೇ ಬಿಟ್ಟು, ಹತ್ತಿರದಲ್ಲೇ ಕಂಬಳಿ ಹೊದ್ದು ಕೂತೆ. ಕತ್ತಲಾದ ಮೇಲೆ ಹೊಳೆಯ ಕಡೆಯಿಂದ ಮಂಜು ಬಂತು. ಮಾಡಿನ ತಗಡಿನ ಒಳಮೈ ಒದ್ದೆಯಾಗಿ ಹನಿ ತೊಟ್ಟಿಕ್ಕತೊಡಗಿತು. ಆಟ ನಡೆಯುವ ಹೊತ್ತಿಗೆ ಗಾಡಿ ಓಡಿಸಿ ನೋಡಿದೆ. ಎರಡನೆಯ ಸಂದಿನಲ್ಲಿ ಬಿತ್ತು.

ದೀಪ ಹಿಡಿದು ನೋಡಿದರೆ ಏನೂ ಕಾಣಲಿಲ್ಲ. ಬೆರಳಿನಿಂದ ಹಳಿಯ ಮೇಲೆ ಸವರಿದೆ. ಬೆರಳಿಗೆ ಸಿಕ್ಕಿತು. ಮಧ್ಯಾಹ್ನ ಕೂದಲೂ ತೂರದಂತಿದ್ದಲ್ಲಿ ಈಗ ಉಗುರು ಇಳಿಯುತ್ತಿತ್ತು. ಒಂದು ಹಳಿಯ ತುದಿ ಇನ್ನೊಂದಕ್ಕಿಂತ ಒಂದಿಷ್ಟು ಮೇಲೆದ್ದಿತ್ತು. ಕಾದ ತಗಡಿನ ಕೆಳಗೆ, ಸೆಕೆಯಲ್ಲಿ, ಉದ್ದವಾಗಿದ್ದ ಹಿತ್ತಾಳೆಯನ್ನು ನಾನು ಕೂಡಿಸುತ್ತಿದ್ದೆ. ಆಟದ ಹೊತ್ತಿಗೆ ಅದು ಚಳಿಗೆ ಕುಗ್ಗುತ್ತಿತ್ತು, ಹಲಗೆ ಮಂಜಿಗೆ ಉಬ್ಬಿ ಸೊಟ್ಟಾಗುತ್ತಿತ್ತು. ನಾನು ಮಾಡಿದ್ದೆಲ್ಲ ಬೇರೆ ಹೊತ್ತಿನ ಹಳಿಗೆ ಮಾಡಿದ ಕೆಲಸವಾಗಿತ್ತು.

ಕಾರಣ ತಿಳಿದರೂ ಧೈರ್ಯ ಬರಲಿಲ್ಲ. ಚಳಿಯಲ್ಲೇ ಕೂಡಿಸಬಹುದು, ಸರಿ. ಆದರೆ ಒಂದು ದಿನದ ಚಳಿ ಇನ್ನೊಂದು ದಿನ ಇರುವುದಿಲ್ಲ. ನೇರ ಕತ್ತರಿಸಿದ ತುದಿಗಳ ನಡುವೆ ಎಷ್ಟು ಸಣ್ಣ ಸಂದು ಬಿಟ್ಟರೂ ಗಾಲಿ ಅದರಲ್ಲಿ ಇಳಿದು ಏಳಲೇಬೇಕು. ಹಾಗೆ ಯೋಚಿಸುತ್ತ ತಲೆ ಎತ್ತಿದಾಗ ಸುತ್ತಿಟ್ಟ ಪರದೆಯ ಬಿದಿರು ಕಣ್ಣಿಗೆ ಬಿತ್ತು. ರಂಗದಷ್ಟು ಅಗಲದ ಬಿದಿರು ಒಂದೇ ತುಂಡಾಗಿ ಸಿಗುವುದಿಲ್ಲ, ಎರಡನ್ನು ಕೂಡಿಸಬೇಕು. ಕೂಡಿಸಿದಲ್ಲಿ ಗಂಟಾದರೆ ಪರದೆ ಸುಕ್ಕಾಗಿ ಸುತ್ತಿಕೊಳ್ಳುತ್ತದೆ. ಅದಕ್ಕಾಗಿ ಎರಡರ ತುದಿಗಳನ್ನೂ ಲೇಖನಿಯ ಮೊನೆಯ ಹಾಗೆ ಉದ್ದಕ್ಕೆ ಓರೆಯಾಗಿ ಸೀಳಿ, ಒಂದರ ಮಗ್ಗುಲಿಗೆ ಒಂದು ಕೂರಿಸುತ್ತೇವೆ. ವರ್ಷಗಟ್ಟಲೆ ನಾನು ಮಾಡಿಕೊಂಡು ಬಂದ ಕೆಲಸ. ಹಳಿಯನ್ನೂ ಹಾಗೇ ಕತ್ತರಿಸಿದರೆ? ಸಂದು ಬಿದ್ದರೂ ಗಾಲಿಗೆ ಅಡ್ಡವಾಗಿ ಬೀಳುವುದಿಲ್ಲ. ಗಾಲಿ ಒಂದು ಹಳಿಯನ್ನು ಪೂರ್ತಿ ಬಿಡುವ ಮೊದಲೇ ಇನ್ನೊಂದು ಅದನ್ನು ಹೊತ್ತುಕೊಂಡಿರುತ್ತದೆ.

ಆದರೆ ಇದ್ದ ಹಳಿಯ ತುದಿಗಳನ್ನು ಓರೆ ಮಾಡಿದರೆ ಉದ್ದ ಸಾಲುವುದಿಲ್ಲ. ಎಲ್ಲವನ್ನೂ ಕಿತ್ತು, ಹಳಿಯಾಳದಿಂದ ತಂದು ಉಳಿದಿದ್ದ ಹೊಸ ಪಟ್ಟಿಗಳನ್ನು ಸಂದುಗಳ ಮೇಲೆ ಹಾಯಿಸಿ ಕೂರಿಸಿ, ಆಮೇಲೆ ಕತ್ತರಿಸಬೇಕು. ಒಮ್ಮೆ ಕಿತ್ತರೆ ಹಳೆಯ ಹಳಿ ಮತ್ತೆ ಕೂರುವಂತಿರಲಿಲ್ಲ. ಐತವಾರ ಬೀಳುವ ಗಾಡಿಯಾದರೂ ಇರಬೇಕಲ್ಲ. ಗಾಡಿಯೇ ಇಲ್ಲವೆಂದರೆ ತುಂಬಿದ ಥೇಟರು ಕುರ್ಚಿ ಮುರಿದು ಹೋಗುತ್ತಿತ್ತು.

ಶನಿವಾರ ಸೂರ್ಯ ಹುಟ್ಟುವ ಮೊದಲು ಪರದೆ ಎಳೆಯುವವನನ್ನು ಎಬ್ಬಿಸಿದೆ. ಚಿಮಟ ಹಿಡಿದು ಮೊದಲ ಮೊಳೆ ಕೀಳುವಾಗ ಅವನು ನನ್ನ ಕೈ ತಡೆದ.

“ಮತ್ತ ಕೂಡ್ಲಿಲ್ಲ ಅಂದ್ರ ಏನ್ ಮಾಡೂದ್ರಿ?”

“ಗೊತ್ತಿಲ್ಲ,” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಅವನು ಕೈ ತೆಗೆದ. ನಾನು ಕಿತ್ತೆ.

ಮೊದಲು ಹಲಗೆಗಳನ್ನು ಒಂದಕ್ಕೊಂದು ಕಚ್ಚಿಸಿದೆವು. ಒಂದು ಹಲಗೆಯ ತುದಿಗೆ ಎರಡು ದಪ್ಪ ಮೊಳೆ ಬಡಿದು ತಲೆ ಕತ್ತರಿಸಿ, ಇನ್ನೊಂದರಲ್ಲಿ ಅವಕ್ಕೆ ಸರಿಯಾಗಿ ತೂತು ಕೊರೆದು, ಬಿಗಿಯಾಗಿ ಕೂರಿಸಿ ಕೊಂಡಿ ಹಾಕಿದೆವು. ಇನ್ನು ಮೇಲೆ ಹಲಗೆಗಳು ಉಬ್ಬಿದರೂ ಒಟ್ಟಿಗೇ ಉಬ್ಬಬೇಕಿತ್ತು. ಒಂದರ ಜೋಡಿ ಇನ್ನೊಂದಕ್ಕೆ ಹೋಗದಂತೆ ಪ್ರತಿ ಸಂದಿನ ಎರಡೂ ಬದಿಗೆ ಒಂದೊಂದು ಬಣ್ಣ ಹಚ್ಚಿದೆ. ಬಿಸಿಲು ಏರಿ ತಗಡು ಕಾಯುವ ಹೊತ್ತಿಗೆ ಕೆಲಸ ನಿಲ್ಲಿಸಿದೆವು. ಇಡೀ ಹಗಲು ಕೈಕಟ್ಟಿ ಕೂರುವುದು ಕೆಲಸಕ್ಕಿಂತ ಕಠಿಣವಾಗಿತ್ತು. ಸಂಜೆ ಪೌರಾಣಿಕಕ್ಕೆ ರಂಗ ಬೇಕೆಂದು ಹಲಗೆಗಳನ್ನು ಬಿಚ್ಚಿ ಬದಿಗಿಡಬೇಕಾಯಿತು.

ಐತವಾರ ನಸುಕಿನಲ್ಲಿ ಅವನ್ನು ಮತ್ತೆ ಕೂಡಿಸಿ ಪಟ್ಟಿ ಕೂರಿಸಿದೆವು. ಹಿತ್ತಾಳೆ ಮುಟ್ಟಿದರೆ ಬೆರಳು ಮರಗಟ್ಟುತ್ತಿತ್ತು. ಆಮೇಲೆ ಕತ್ತರಿಸುವುದು. ಕಬ್ಬಿಣ ಕೊಯ್ಯುವ ಗರಗಸವನ್ನು ಹಳಿಗೆ ಓರೆಯಾಗಿ ಹಿಡಿದು, ಉಸಿರು ಬಿಗಿಹಿಡಿದು ಎಳೆಯಬೇಕು. ಸಂದಿಗೆ ಎರಡು ಹಳಿ, ಎರಡು ಕೊಯ್ತ. ಮೂರು ಸಂದು ಮುಗಿದವು. ನಾಲ್ಕನೆಯದರ ಕೊನೆಯ ಹಳಿ ಅರ್ಧ ಕೊಯ್ದಿದ್ದಾಗ ಬ್ಲೇಡು ತುಂಡಾಯಿತು. ಬೇರೆ ಬ್ಲೇಡು ಇರಲಿಲ್ಲ. ಅಂಗಡಿ ತೆರೆಯುವವರೆಗೆ ಕಾದರೆ ಹಿತ್ತಾಳೆ ಕಾಯುತ್ತದೆ. ತುಂಡಾದ ಬ್ಲೇಡಿಗೆ ಪರದೆಯ ಅರಿವೆ ಸುತ್ತಿ ಬೆರಳಲ್ಲೇ ಹಿಡಿದು ಕೊಯ್ದೆ. ಅರಿವೆ ಹರಿದು ಬೆರಳೂ ಕೊಯ್ದುಕೊಂಡಿತು. ಪರದೆ ಎಳೆಯುವವನು ಹಳಿಯ ಮೇಲಿನ ರಕ್ತ ಒರೆಸುತ್ತಿದ್ದ.

ಕೊಯ್ದು ಮುಗಿದಾಗ ಬಿಸಿಲು ತಗಡಿನ ಮೇಲೆ ಬಂದಿತ್ತು. ಓಡಿಸಿ ನೋಡಲು ಹೊತ್ತು ಉಳಿದಿರಲಿಲ್ಲ. ಸೆಕೆಗೆ ಓರೆ ತುದಿಗಳು ಒಂದನ್ನೊಂದು ದೂಡಿಕೊಂಡು ಒಳಗೆ ಸರಿದಿದ್ದವು; ಎಂಜಿನ್ನು ಇಟ್ಟರೆ ಗಾಲಿ ಹಳಿಯ ಮೇಲೇ ಹತ್ತಿ ನಿಲ್ಲುತ್ತಿತ್ತು. ಮ್ಯಾನೇಜರು ಬಂದು ಅದನ್ನು ನೋಡಿ ಹೋದರು. ಹಾಸ್ಯಪಾತ್ರದವರಿಗೆ ತಯಾರಾಗಿರಲು ಹೇಳಿದರೆಂದು ಆಮೇಲೆ ತಿಳಿಯಿತು.

ಆ ಆಟಕ್ಕೆ ಕಾಲಿಡಲು ಜಾಗವಿರಲಿಲ್ಲ. ಅಡ್ಡ ಪರದೆಯ ಹಿಂದೆ ಬಣ್ಣ ನೋಡಿ ನೋಡಿ ಹಲಗೆ ಕೂಡಿಸಿದೆವು. ಸಂದುಗಳ ಮೇಲೆ ಬೆರಳು ಸವರಿಕೊಂಡು ಹೋದೆ. ಗಾಯದ ಬೆರಳಿಗೆ ಅರಿವೆ ಕಟ್ಟಿದ್ದರಿಂದ ಎಡಗೈಯಿಂದ ಸವರಿದೆ. ಅದರ ಮಾತನ್ನು ನಂಬಬೇಕೋ ಬೇಡವೋ ತಿಳಿಯಲಿಲ್ಲ. ರಾಟೆಯ ಹತ್ತಿರ ಕೂತೆ. ಎದುರು ಮರೆಯಲ್ಲಿ ಹಾಸ್ಯಪಾತ್ರದವರು ತಲೆಗೆ ಟೊಪ್ಪಿಗೆ ಹಾಕಿಕೊಂಡು ಸಿದ್ಧರಾಗಿ ನಿಂತಿದ್ದರು.

ಸೇತುವೆಯ ಕೊನೆಯಲ್ಲಿ ದೀಪ ಕಂಡದ್ದೇ ತಡ, ಮಂದಿ ಆಗಲೇ ನಗಲು ಶುರು ಮಾಡಿದರು. ನಾನು ದಾರ ಸುತ್ತಿದೆ. ಮೊದಲ ಸಂದಿನಲ್ಲಿ ಎಲ್ಲರೂ ಒಟ್ಟಾಗಿ ‘ಟಕ್’ ಎಂದರು. ಗಾಡಿ ಏನೂ ಅನ್ನಲಿಲ್ಲ. ಎರಡನೆಯದಕ್ಕೂ ‘ಟಕ್’ ಬಂತು, ದನಿ ಸ್ವಲ್ಪ ಕಡಿಮೆಯಾಗಿತ್ತು. ನನ್ನ ಕೈಗೆ ಸಂದು ಸಿಗುತ್ತಲೇ ಇರಲಿಲ್ಲ; ದಾರ ನೀರಿನಲ್ಲಿ ಬಂದ ಹಾಗೆ ಬರುತ್ತಿತ್ತು. ಮೂರನೆಯದರಲ್ಲಿ ಒಬ್ಬಿಬ್ಬರೇ ಕೂಗಿದರು. ನಾಲ್ಕನೆಯದನ್ನು ಗಾಡಿ ದಾಟಿದಾಗ ಯಾರೂ ಕೂಗಲಿಲ್ಲ. ಕೊನೆಯ ಡಬ್ಬಿಯೂ ಮರೆಗೆ ಬಂತು; ಎಂಜಿನ್ನು ನನ್ನ ಮೊಣಕಾಲಿಗೆ ತಾಗಿ ನಿಂತಿತು. ಸೀಟಿ ಕ್ಷೀಣವಾಗಿ ಮುಗಿಯಿತು.

ನಾಯಕಿ ಮಾತು ಆಡಲಿಲ್ಲ. ಕಂದೀಲು ಹಿಡಿದು ನಿಂತೇ ಇದ್ದರು. ಮರೆತರೋ, ಈ ಸಲವೂ ಆಡುವುದಿಲ್ಲವೋ ಎಂದು ಮರೆಯ ಅಂಚಿನಿಂದ ಬಗ್ಗಿ ನೋಡಿದೆ. ಪರದೆ ಎಳೆಯುವವನು ಹಗ್ಗ ಹಿಡಿದು ನನ್ನನ್ನು ನೋಡಿದ. ಬೇಡ ಎಂದು ತಲೆಯಾಡಿಸಿದೆ. ಥೇಟರಿನಲ್ಲಿ ಕೆಮ್ಮೂ ಇರಲಿಲ್ಲ. ಎಷ್ಟೋ ಹೊತ್ತಿನ ಮೇಲೆ, ತನಗೇ ಹೇಳಿಕೊಂಡ ಹಾಗೆ, ಅವರು “ನಿಲ್ಲಲಿಲ್ಲ” ಎಂದರು.

ಹೆಂಗಸರು ಕೂತ ಕಡೆಯಿಂದ ಯಾರೋ ಬಿಕ್ಕಿದ್ದು ಕೇಳಿಸಿತು. ಪರದೆ ಬಿತ್ತು.

ಮಾಲಕರು ಬಂದು ನನ್ನ ಕಟ್ಟಿದ ಬೆರಳು ನೋಡಿ, “ದವಾಖಾನಿಗೆ ಹೋಗಿ ಬರ್ರಿ ನಾಳೆ,” ಎಂದಷ್ಟೇ ಹೇಳಿ ಹೋದರು. ಮುಂದಿನ ಆಟಗಳಿಗೆ ಮಂದಿ ಕಡಿಮೆಯಾದರು. ಮ್ಯಾನೇಜರು ಅದನ್ನು ನನಗೆ ಕೇಳಿಸುವಂತೆ ಎರಡು ಸಲ ಹೇಳಿದರು. ಆದರೆ ಬಂದವರು ನಗಲಿಲ್ಲ, ನಾಟಕ ಪೂರ್ತಿ ನೋಡಿ ಎದ್ದರು. ಮುಂದೆ ಮುಂಡಗೋಡದ ಮೊಕ್ಕಾಂ ನಿಶ್ಚಯವಾಯಿತು.

ಹೊರಡುವ ಎರಡು ದಿನ ಮೊದಲು ಮಧ್ಯಾಹ್ನ ನಾಯಕಿ ರಂಗದ ಹಿಂದೆ ಬಂದರು.

“ಮಾಸ್ತರ್ರ, ಗಾಡಿ ಒಂದ್ಸಲ ಓಡಸ್ತೀರೇನ್ರಿ? ನಾ ಒಮ್ಮಿನೂ ನೋಡಿಲ್ಲ. ಅದು ಬರೂ ಹೊತ್ತಿಗೆ ನನ್ನ ಬೆನ್ನ ಅದಕ್ಕ ಇರ್ತೈತಿ. ಮಂದಿ ನಕ್ರ ಬಿತ್ತು ಅಂತ ತಿಳೀತಿದ್ದೆ. ಅವತ್ತ ನಗೂನ ಬರ್ಲಿಲ್ಲ. ಗಾಡಿ ಇನ್ನೂ ಬಂದಿಲ್ಲ ಅನ್ಕೊಂಡು ಹಂಗಽ ನಿಂತ್ಬಿಟ್ಟೆ.”

ಹಗಲಿನ ಸೆಕೆಗೆ ಈ ಹಳಿಯ ಮೇಲೆ ಗಾಡಿ ಓಡುವುದಿಲ್ಲ, ಚಳಿಯಿದ್ದಾಗ ಬರಬೇಕು ಎಂದೆ. ಅವರು ಮರುದಿನ ನಸುಕಿನಲ್ಲೇ ಬಂದರು. ತಲೆಯ ಮೇಲೆ ಕಂಬಳಿ ಹೊದ್ದು, ಬಣ್ಣವಿಲ್ಲದ ಮುಖದಲ್ಲಿ, ಪ್ರೇಕ್ಷಕರ ಖಾಲಿ ಕುರ್ಚಿಯೊಂದರಲ್ಲಿ ಕೂತರು. ನಾನು ದೀಪ ಹಚ್ಚಿ ದಾರ ಎಳೆದೆ. ಗಾಡಿ ಸೇತುವೆ ದಾಟಿ ಹೋಯಿತು.

ಅವರು ಗಾಡಿ ಹೋದ ಮರೆಯ ಕಡೆಗೇ ನೋಡುತ್ತಿದ್ದರು.

“ಇಷ್ಟ ಸಣ್ಣದೈತೇನ್ರಿ,” ಎಂದರು ಆಮೇಲೆ. “ನಾ ಭಾಳ ದೊಡ್ಡದು ಅನ್ಕೊಂಡಿದ್ದೆ.”

ನಾನು ದಾರ ಬಿಚ್ಚಿ ಗಾಡಿಯನ್ನು ಕೈಗೆತ್ತಿಕೊಂಡೆ. ಅವರು ಏಳಲಿಲ್ಲ. ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು.

“ಇನ್ನೊಮ್ಮೆ ಓಡಸ್ರಿ.”